‘ಮಿಸ್ಟರ್ ಬ್ಯಾಡ್ ಗೈ’: ಫ್ರೆಡ್ಡಿ ಒಬ್ಬನೇ ಮಾಡಿದ ಆಲ್ಬಂ ಯಾಕೆ ಕೂಡಿ ಬರಲಿಲ್ಲ?

ಹಳೇಕ್ಯಾಸೆಟ್

ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್ ಬಗ್ಗೆ ಈ ಫೋರಮ್ಮಿನಲ್ಲಿ ಬೇಕಾದಷ್ಟು ಜಗಳ ಆಗಿದೆ, ಬ್ರಯನ್ ಮೇ ಗಿಟಾರಿನ ಬಗ್ಗೆಯಂತೂ ಪುಟಗಟ್ಟಲೆ. ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಸೋಲೋ ಆಲ್ಬಮ್ಮಿನ ಮಾತು ಬಂದರೆ ಮಾತ್ರ ಎಲ್ಲರೂ ‘ಅದು ಬಿಡಿ ಸಾರ್, ಬರೀ ಡಿಸ್ಕೋ’ ಅಂತ ಮುಂದಕ್ಕೆ ಹೋಗ್ತಾರೆ. ಈ ವಾರ ಅದನ್ನ ಮತ್ತೆ ಪೂರ್ತಿ ಕೇಳಿದೆ. ಡಿಸ್ಕೋ ಅಂತ ತಳ್ಳಿಹಾಕೋದು ಅನ್ಯಾಯ. ಹಾಗಂತ ಎಲ್ಲ ಚೆನ್ನಾಗಿದೆ ಅನ್ನೋಕೂ ಮನಸ್ಸು ಬರ್ತಿಲ್ಲ.

ಕೇಳದೇ ಇರೋರಿಗೆ: 1985ರ ಏಪ್ರಿಲ್ ಕೊನೆಗೆ ಬಂದ ಆಲ್ಬಂ, ಹನ್ನೊಂದು ಹಾಡು. ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ, ಕ್ವೀನ್ ಜೊತೆ ಆಗಲೇ ಪಳಗಿದ್ದ ಮ್ಯಾಕ್ ಅನ್ನೋ ನಿರ್ಮಾಪಕನ ಜೊತೆ, ಕ್ವೀನ್ ಕೆಲಸದ ಸಂದಿಯಲ್ಲಿ ಎರಡು ವರ್ಷ ಎಳೆದು ಮಾಡಿದ್ದು. ಬ್ರಿಟನ್ನಿನಲ್ಲಿ 6ನೇ ಸ್ಥಾನದವರೆಗೆ ಹತ್ತಿತು, ಅಮೆರಿಕದಲ್ಲಿ 159ಕ್ಕೇ ನಿಂತಿತು. ಒಳಗಡೆ ಏನಿಲ್ಲ ಕೇಳಿ: ಕುಣಿಯೋ ಹಾಡು, ಫಂಕ್, ಪಿಯಾನೋ ಹಿಡಿದು ಅಳೋ ಹಾಡು, ಶೀರ್ಷಿಕೆ ಹಾಡಿಗೆ ದೊಡ್ಡ ಆರ್ಕೆಸ್ಟ್ರಾ, ‘ಮೈ ಲವ್ ಈಸ್ ಡೇಂಜರಸ್’ನಲ್ಲಿ ಜಮೈಕಾದ ರೆಗ್ಗೆ, ‘ಲಿವಿಂಗ್ ಆನ್ ಮೈ ಓನ್’ನಲ್ಲಿ ಜಾಝ್‌ನವರ ಥರ ಅರ್ಥವಿಲ್ಲದ ಉಲಿ.

ಎಲ್ಲರ ದೂರೂ ಒಂದೇ: ಸಿಕ್ಕಿದ್ದೆಲ್ಲ ತುಂಬಿದ್ದಾನೆ, ಅದಕ್ಕೇ ಕೆಟ್ಟಿತು. ನಾನಿದನ್ನ ಒಪ್ಪಲ್ಲ. ಸಿಕ್ಕಿದ್ದೆಲ್ಲ ತುಂಬೋದೇ ಕ್ವೀನ್ ಕಸುಬು. 1975ರ ‘ಎ ನೈಟ್ ಅಟ್ ದಿ ಆಪೆರಾ’ ತೆಗೀರಿ. ಒಂದು ಹಾಡು ಹಳೇ ನಾಟಕ ಮಂದಿರದ್ದು, ಒಂದು ಜನಪದದ್ದು, ಒಂದು ಗುಡುಗೋ ರಾಕ್, ಒಂದು ಹಾರ್ಪ್ ಇಟ್ಟುಕೊಂಡ ಪ್ರೇಮಗೀತೆ, ಆಮೇಲೆ ಆ ಆರು ನಿಮಿಷದ ‘ಬೊಹೀಮಿಯನ್ ರಾಪ್ಸಡಿ’. ಅದನ್ನ ಯಾರೂ ಕಲಸುಮೇಲೋಗರ ಅನ್ನಲ್ಲ. ಅಲ್ಲಿ ‘ಗುಡ್ ಕಂಪನಿ’ ಅಂತ ಒಂದಿದೆ, ಕೊನೆಗೆ ಒಂದು ಪೂರ್ತಿ ಡಿಕ್ಸಿಲ್ಯಾಂಡ್ ಜಾಝ್ ತಂಡ ನುಗ್ಗಿ ಬರುತ್ತೆ. ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನ್ ಎಲ್ಲ ಕೇಳಿಸುತ್ತೆ. ಅಷ್ಟೂ ಬ್ರಯನ್ ಮೇ ತನ್ನ ಒಂದೇ ಗಿಟಾರಿನಲ್ಲಿ, ಒಂದೊಂದು ಸ್ವರವಾಗಿ ಕಟ್ಟಿದ್ದು. ‘ಸೀಸೈಡ್ ರಾಂಡೆವೂ’ನಲ್ಲಿ ಕೊಳಲು ಕಹಳೆ ಎಲ್ಲ ಫ್ರೆಡ್ಡಿ ಮತ್ತು ಡ್ರಮ್ಮರ್ ರೋಜರ್ ಬಾಯಲ್ಲೇ ಮಾಡಿದ್ದು. ಹೊಲಿಗೆಯವರು ಬೆರಳಿಗೆ ಹಾಕೋ ಲೋಹದ ಟೋಪಿ ತೊಟ್ಟು ಮಿಕ್ಸಿಂಗ್ ಡೆಸ್ಕ್ ಮೇಲೆ ತಾಳ ಕುಟ್ಟಿದ್ದೂ ಅದೇ ಹಾಡಿನಲ್ಲಿ. ಅಂದರೆ ಶೈಲಿ ಎಲ್ಲಿಂದಲೇ ಬರಲಿ, ಆ ನಾಲ್ಕು ಜನರ ಕೈಯಿಂದಲೇ ಹಾದು ಬರಬೇಕಿತ್ತು. ಅದೇ ಅವರ ಅಂಟು.

‘ಮಿಸ್ಟರ್ ಬ್ಯಾಡ್ ಗೈ’ನಲ್ಲಿ ರೆಗ್ಗೆ ಬೇಕಾ, ರೆಗ್ಗೆ. ಆರ್ಕೆಸ್ಟ್ರಾ ಬೇಕಾ, ಕರೆಸಿ. ಚೌಚೌ ಬಾತ್ ತಟ್ಟೆ ಥರ ಎಲ್ಲ ಪಕ್ಕಪಕ್ಕ ಕೂತಿವೆ, ಒಂದರ ರುಚಿ ಇನ್ನೊಂದಕ್ಕೆ ಹತ್ತಿಲ್ಲ. ಆಲ್ಬಮ್ಮಿನ ಹೊದಿಕೆಯ ಮೇಲೆ ಅವನೇ ಬರೆಸಿದ್ದಾನೆ ನೋಡಿ: ಬ್ರಯನ್, ರೋಜರ್, ಜಾನ್, ಅಂದರೆ ಬ್ಯಾಂಡಿನ ಉಳಿದ ಮೂವರೂ ನಡುವೆ ತಲೆಹಾಕದೇ ಇದ್ದಿದ್ದಕ್ಕೆ ವಿಶೇಷ ಧನ್ಯವಾದ ಅಂತ. ತಮಾಷೆಗೆ ಬರೆದಿದ್ದು. ನನ್ನ ಕೇಳಿದರೆ ಆಲ್ಬಮ್ಮಿನ ತೊಂದರೆ ಅಷ್ಟೂ ಆ ಒಂದು ಸಾಲಿನಲ್ಲಿದೆ.


ತಂತಿ_ಮೀಟು

ನೂರಕ್ಕೆ ನೂರು. ಗಿಟಾರ್ ನುಡಿಸೋನಾಗಿ ಒಂದು ಸೇರಿಸ್ತೀನಿ. 1980ರ ‘ದಿ ಗೇಮ್’ ಬರೋವರೆಗೂ ಕ್ವೀನ್ ಸಿಂಥಸೈಜರ್ (ಯಂತ್ರದಿಂದಲೇ ಸದ್ದು ಹುಟ್ಟಿಸೋ ಕೀಬೋರ್ಡ್) ಮುಟ್ಟಲೇ ಇಲ್ಲ. ಮುಟ್ಟಿಲ್ಲ ಅಂತ ಹೊದಿಕೆ ಮೇಲೆ ಜಂಬದಿಂದ ಅಚ್ಚು ಹಾಕ್ತಿದ್ದರು. ಜಂಬ ಅನಿಸಿದರೂ ಅದರಿಂದ ಆದ ಲಾಭ ನೋಡಿ. ಯಂತ್ರ ಇಲ್ಲ ಅಂದಮೇಲೆ ಪ್ರತಿ ಸದ್ದಿಗೂ ಕೈಯಲ್ಲೇ ಉಪಾಯ ಹುಡುಕಬೇಕು. ಬ್ರಯನ್ ಗಿಟಾರ್ ಅಂಗಡಿಯದ್ದಲ್ಲ, ಹುಡುಗನಾಗಿದ್ದಾಗ ಅಪ್ಪನ ಜೊತೆ ಸೇರಿ ಹಳೇ ಬೆಂಕಿಗೂಡಿನ ಮರದಿಂದ ಮಾಡಿಕೊಂಡಿದ್ದು. ಮೀಟೋದು ಆರು ಪೆನ್ಸ್ ನಾಣ್ಯದಲ್ಲಿ. ಅದರ ನಾದ ಬೇರೆ ಯಾರ ಹತ್ತಿರವೂ ಇಲ್ಲ. ಹಾಡು ವಾಲ್ಟ್ಜ್ ಆಗಲಿ, ಫಂಕ್ ಆಗಲಿ, ಆ ನಾದ ಬಂತು ಅಂದರೆ ಇದು ಕ್ವೀನ್ ಅಂತ ಗೊತ್ತಾಗಿಬಿಡುತ್ತೆ.

ಸೋಲೋ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದವರು ಪಾಲ್ ವಿನ್ಸೆಂಟ್. ಕೈ ಚೆನ್ನಾಗಿದೆ, ತಪ್ಪು ಹುಡುಕೋಕೆ ಆಗಲ್ಲ. ಆದರೆ ಕೂಲಿ ತಗೊಂಡು ನುಡಿಸೋರು ಹೇಳಿದಷ್ಟು ನುಡಿಸ್ತಾರೆ. ‘ಇದು ಬೇಡ ಫ್ರೆಡ್ಡಿ, ಹೀಗೆ ಮಾಡೋಣ’ ಅಂತ ಬಾಗಿಲು ಬಡಿದು ಹೊರಗೆ ಹೋಗೋ ಹಕ್ಕು ಅವರಿಗೆ ಇರಲ್ಲ.


ಕುಡ್ಲದ_ಕಿವಿ

ಒಂದು ನಿಮಿಷ ಮಾರಾಯ್ರೆ. ನಾಲ್ಕು ಜನ ಇದ್ದರೆ ಎಲ್ಲ ಸರಿ ಆಗ್ತದೆ ಅಂತಾದರೆ 1982ರ ‘ಹಾಟ್ ಸ್ಪೇಸ್’ಗೆ ಏನು ಹೇಳ್ತೀರಿ? ಅದರಲ್ಲಿ ನಾಲ್ಕೂ ಜನ ಇದ್ದರು. ಮ್ಯಾಕ್ ಕೂಡ ಇದ್ದ. ಆದರೂ ರಾಕ್ ಕೇಳುವ ಜನ ಮುಖ ತಿರುಗಿಸಿದರು, ಅಮೆರಿಕದಲ್ಲಿ ಕ್ವೀನ್ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ನಿಮ್ಮ ಲೆಕ್ಕ ಅಲ್ಲೇ ಕೈಕೊಡ್ತದೆ.

ನನಗೆ ವೈಯಕ್ತಿಕವಾಗಿ ‘ಹಾಟ್ ಸ್ಪೇಸ್’ ಬಹಳ ಇಷ್ಟ, ಅದು ಬೇರೆ ವಿಷಯ.


ಹಳೇಕ್ಯಾಸೆಟ್

@ಕುಡ್ಲದ_ಕಿವಿ ಒಳ್ಳೇ ಪೆಟ್ಟು. ಆದರೆ ‘ಹಾಟ್ ಸ್ಪೇಸ್’ನ ಮೊದಲ ಮಗ್ಗುಲಲ್ಲಿ ಇರೋದೂ ಇದೇ ಕಾಯಿಲೆ: ಜನ ನಾಲ್ಕಿದ್ದರೂ ಕೆಲಸ ನಾಲ್ವರದ್ದಲ್ಲ. ‘ಸ್ಟೇಯಿಂಗ್ ಪವರ್’ ತಗೊಳ್ಳಿ. ಸ್ಟುಡಿಯೋದಲ್ಲಿ ಸಿಂಥ್, ಮೇಲೆ ಅರಿಫ್ ಮಾರ್ಡಿನ್ ಕಟ್ಟಿದ ಕಹಳೆ ಸಾಲು. ಬ್ಯಾಂಡ್ ಎಲ್ಲೋ ಮೂಲೆಯಲ್ಲಿ ನಿಂತಿದೆ. ಅದೇ ವರ್ಷ ಮಿಲ್ಟನ್ ಕೀನ್ಸ್ ಮೈದಾನದಲ್ಲಿ ಅದೇ ಹಾಡು ನುಡಿಸಿದಾಗ ಕಹಳೆ ಇಲ್ಲ. ಜಾನ್ ಡೀಕನ್ ಬೇಸ್ ಕೆಳಗಿಟ್ಟು ಗಿಟಾರ್ ಹಿಡಿದಿದ್ದಾನೆ, ಪಕ್ಕದಲ್ಲಿ ಬ್ರಯನ್, ಹಿಂದೆ ರೋಜರ್ ಕೊಲ್ಲೋ ಹಾಗೆ ಬಡೀತಿದ್ದಾನೆ. ಹಾಡು ಎದ್ದು ನಿಲ್ಲುತ್ತೆ. ರಾಗ ಬದಲಾಗಿಲ್ಲ, ಶೈಲಿಯೂ ಬದಲಾಗಿಲ್ಲ, ಕೈ ಬದಲಾಗಿದೆ ಅಷ್ಟೇ.


ಇಸಾರ್_ದಂಡೆ

ಮ್ಯೂನಿಕ್‌ನಿಂದ ಬರೀತಿದ್ದೀನಿ, ಊರು ಮೂಲತಃ ಹಾಸನದ ಕಡೆ. ನೀವೆಲ್ಲ ಇದನ್ನ ಕ್ವೀನ್ ಕಡೆಯಿಂದಲೇ ನೋಡ್ತಿದ್ದೀರಿ, ಒಂದ್ಸಲ ಈ ಊರಿನ ಕಡೆಯಿಂದ ನೋಡಿ.

ಮ್ಯೂಸಿಕ್‌ಲ್ಯಾಂಡ್ ಇದ್ದದ್ದು ಬೋಗನ್‌ಹೌಸನ್ ಬಡಾವಣೆಯಲ್ಲಿ, ಅರಾಬೆಲ್ಲಾ ಅಂತ ಉದ್ದಕ್ಕೆ ಗೋಡೆ ಹಾಗೆ ನಿಂತಿರೋ ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ. ಸ್ಟುಡಿಯೋ ಈಗ ಇಲ್ಲ. ಅದನ್ನ ಶುರು ಮಾಡಿದ್ದು ಜಾರ್ಜಿಯೋ ಮೊರೋಡರ್. 1977ರಲ್ಲಿ ಡೋನಾ ಸಮ್ಮರ್ ಹಾಡಿದ ‘ಐ ಫೀಲ್ ಲವ್’ ಅಲ್ಲೇ ಹುಟ್ಟಿದ್ದು. ಪೂರ್ತಿ ಯಂತ್ರದ ಮೇಲೆ ನಿಂತ ಕುಣಿತದ ಹಾಡು, ಇವತ್ತಿನ ಕ್ಲಬ್ ಸಂಗೀತಕ್ಕೆಲ್ಲ ಮೂಲ ಅದು. ಅದೇ ನೆಲಮಾಳಿಗೆಯಲ್ಲಿ ಲೆಡ್ ಜೆಪೆಲಿನ್ ‘ಪ್ರೆಸೆನ್ಸ್’ ಮಾಡಿದರು, ರೋಲಿಂಗ್ ಸ್ಟೋನ್ಸ್ ಬಂದು ಹೋದರು. ರಾಕ್ ಮತ್ತು ಡಿಸ್ಕೋ ಒಂದೇ ಬಾಗಿಲಲ್ಲಿ ಓಡಾಡಿಕೊಂಡಿದ್ದ ಜಾಗ. ಫ್ರೆಡ್ಡಿ ಎಂಬತ್ತರ ದಶಕದ ಮೊದಲರ್ಧ ಹೆಚ್ಚುಕಮ್ಮಿ ಈ ಊರಲ್ಲೇ ಕಳೆದ. ರಾತ್ರಿ ಕ್ಲಬ್, ಮಧ್ಯಾಹ್ನ ಎದ್ದು ಸ್ಟುಡಿಯೋ. 1984ರಲ್ಲಿ ‘ಮೆಟ್ರೊಪೊಲಿಸ್’ ಮೂಕಿ ಚಿತ್ರಕ್ಕೆ ಹೊಸ ಸಂಗೀತ ಕೂಡಿಸಿದಾಗ ಮೊರೋಡರ್ ಜೊತೆ ‘ಲವ್ ಕಿಲ್ಸ್’ ಹಾಡಿದ. ಸೋಲೋ ಆಗಿ ಅವನ ಮೊದಲ ಹಿಟ್ ಅದು.

ಅಂದರೆ ಅವನಿಗೆ ಈ ಯಂತ್ರದ ಸದ್ದು ಅಗ್ಗದ ದಾರಿ ಆಗಿರಲಿಲ್ಲ. ಅವನು ದಿನಾ ರಾತ್ರಿ ಕುಣೀತಿದ್ದ ಸಂಗೀತ ಅದು. ಬ್ರಯನ್‌ಗೆ ಆ ಲೋಕವೇ ಬೇಡವಾಗಿತ್ತು. ಅದನ್ನ ಬ್ಯಾಂಡಿನ ಕೈಯಿಂದ ಹಾಯಿಸಿದ್ದರೆ ಅದರ ಜೀವವೇ ಹೋಗ್ತಿತ್ತು. ತಲೆಹಾಕದೇ ಇದ್ದಿದ್ದಕ್ಕೆ ಧನ್ಯವಾದ ಅಂದದ್ದು ತಮಾಷೆಯಲ್ಲ ಅಂತ ನನ್ನ ಅನಿಸಿಕೆ.

‘ಲಿವಿಂಗ್ ಆನ್ ಮೈ ಓನ್’ ವಿಡಿಯೋ ನೋಡಿ. 1985ರ ಸೆಪ್ಟೆಂಬರ್‌ನಲ್ಲಿ ಅವನ 39ನೇ ಹುಟ್ಟುಹಬ್ಬಕ್ಕೆ ಇಲ್ಲಿನ ಓಲ್ಡ್ ಮಿಸೆಸ್ ಹೆಂಡರ್ಸನ್ ಅನ್ನೋ ಕ್ಲಬ್ಬಿನಲ್ಲಿ ಕಪ್ಪು ಬಿಳುಪಿನ ಪಾರ್ಟಿ. ಬಂದವರೆಲ್ಲ ಹೆಣ್ಣು ವೇಷದಲ್ಲಿ, ಅವನು ಮಾತ್ರ ತನ್ನದೇ ವೇಷದಲ್ಲಿ. ಹಾಡಿನ ತುಂಬ ಒಂಟಿತನ, ಸುತ್ತ ನೂರಾರು ಜನ. ಇದನ್ನ ಕ್ವೀನ್ ಹಾಡಾಗಿ ಊಹಿಸಿಕೊಳ್ಳಿ ನೋಡೋಣ. ಆಗಲ್ಲ.


ಧಾರವಾಡದಾಂವ

ಇಸಾರ್ ಅವರ ಮಾತು ಖರೇನ ಐತಿ. ಆದ್ರ ನನ್ನ ತಕರಾರು ಬ್ಯಾರೇನ ಅದ.

ಒಬ್ಬಾಂವ ಬ್ಯಾಂಡ್ ಬಿಟ್ಟು ಹೊರಗ ಬಂದ್ರ ತನಗಿಂತ ಜೋರ ಇರೋ ಮಂದೀನ ಕಟಗೋಬೇಕು. ಅದ 1985 ಜೂನ್‌ದಾಗ ಸ್ಟಿಂಗ್ ಏನ್ ಮಾಡಿದ ನೋಡ್ರಿ. ‘ದಿ ಪೊಲೀಸ್’ ಅಂಥಾ ಬ್ಯಾಂಡಿನ ಮುಂದಾಳು, ರೆಗ್ಗೆ ರಾಕ್ ಎರಡೂ ಅರದು ಕುಡದಾಂವ. ಸೋಲೋ ಅಂತ ಬಂದ ಕೂಡಲೇ ಬ್ರಾನ್‌ಫರ್ಡ್ ಮಾರ್ಸಾಲಿಸ್, ಕೆನ್ನಿ ಕರ್ಕ್‌ಲ್ಯಾಂಡ್, ಓಮರ್ ಹಕೀಮ್, ಡ್ಯಾರಿಲ್ ಜೋನ್ಸ್ ಅಂಥಾ ಜಾಝ್ ಹುಲಿಗಳನ್ನ ಕರಕೊಂಡ. ತಾನು ಬೇಸ್ ಕೆಳಗ ಇಟ್ಟು ಗಿಟಾರ್ ಹಿಡದ. ‘ದಿ ಡ್ರೀಮ್ ಆಫ್ ದಿ ಬ್ಲೂ ಟರ್ಟಲ್ಸ್’ ಒಳಗ ರೆಗ್ಗೆ ಅದ, ಜಾಝ್ ಅದ, ‘ರಷ್ಯನ್ಸ್’ ಹಾಡಿನಾಗ ಪ್ರೊಕೋಫಿಯೆವ್‌ನ ರಾಗ ಅದ. ಎಷ್ಟರ ಕಲಬೆರಕಿ! ಆದ್ರ ಒಂದ ತಂಡ ಒಂದ ಕ್ವಾಣ್ಯಾಗ ಕೂತು ನುಡಿಸಿದಂಗ ಕೇಳತೈತಿ. ಅಲ್ಲಿ ಸ್ಟಿಂಗ್ ತಪ್ಪು ದಾರಿ ಹಿಡದ್ರ ಮಾರ್ಸಾಲಿಸ್‌ನ ಸ್ಯಾಕ್ಸಫೋನ್ ಸುಮ್ನಿರೂದಿಲ್ಲ.

ಫ್ರೆಡ್ಡಿ ಕಡೆ ಅಂಥಾ ಒಬ್ಬನೂ ಇರಲಿಲ್ಲ. ಫ್ರೆಡ್ ಮ್ಯಾಂಡೆಲ್ ಕೀಬೋರ್ಡ್ ಭಾಳ ಛಲೋ ಅದಾನ, ಕರ್ಟ್ ಕ್ರೆಸ್ ಡ್ರಮ್ಸೂ ಅಡ್ಡಿ ಇಲ್ಲ. ಆದ್ರ ಎದುರು ಮಾತಾಡೋರು ಅಲ್ಲ.


ಕುಡ್ಲದ_ಕಿವಿ

ಎದುರು ಮಾತಾಡುವವರು ಇದ್ದರೆ ಸಾಕು ಅಂತಲೂ ಹೇಳಲಿಕ್ಕೆ ಬರೋದಿಲ್ಲ. ಅದೇ 1985ರಲ್ಲಿ, ಫ್ರೆಡ್ಡಿಗಿಂತ ಎರಡು ತಿಂಗಳು ಮೊದಲು, ರೋಲಿಂಗ್ ಸ್ಟೋನ್ಸ್ ಮುಂದಾಳು ಮಿಕ್ ಜಾಗರ್ ತನ್ನ ಸೋಲೋ ಆಲ್ಬಂ ‘ಶೀಸ್ ದಿ ಬಾಸ್’ ಬಿಟ್ಟ. ಜೆಫ್ ಬೆಕ್ ಇದ್ದ, ಹರ್ಬಿ ಹ್ಯಾನ್‌ಕಾಕ್ ಇದ್ದ, ನಿರ್ಮಾಪಕರು ಬಿಲ್ ಲಾಸ್‌ವೆಲ್, ನೈಲ್ ರಾಜರ್ಸ್. ಇವರಿಗಿಂತ ದೊಡ್ಡ ಹೆಸರು ಯಾವುದು ಬೇಕು? ಈಗ ಅದನ್ನು ಯಾರು ಕೇಳ್ತಾರೆ? 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ನಾನೂ ಹೋಗಿದ್ದೆ. ಆ ಜನಸಾಗರದಲ್ಲಿ ಒಬ್ಬನಾದರೂ ಆ ಆಲ್ಬಮ್ಮಿನ ಹಾಡು ಕೇಳಲಿಕ್ಕೆ ಬಂದಿದ್ದರೆ ನನ್ನ ಹೆಸರು ಬದಲಾಯಿಸ್ತೇನೆ.


ಫೇಡರ್

ಸೌಂಡ್ ಕೆಲಸ ಮಾಡೋನು. ಈ ವಾದ ತೀರಿಸೋಕೆ ಒಂದು ಸಲೀಸಾದ ದಾರಿ ಇದೆ, ಯಾರೂ ಹೇಳ್ತಿಲ್ಲವಲ್ಲ ಅಂತ ಆಶ್ಚರ್ಯ.

ಫ್ರೆಡ್ಡಿ 1991ರ ನವೆಂಬರ್‌ನಲ್ಲಿ ತೀರಿಕೊಂಡ ಮೇಲೆ ಉಳಿದ ಮೂವರು 1995ರಲ್ಲಿ ‘ಮೇಡ್ ಇನ್ ಹೆವನ್’ ಆಲ್ಬಂ ಮಾಡಿದರು. ಅದರಲ್ಲಿ ಎರಡು ಹಾಡು, ಶೀರ್ಷಿಕೆ ಹಾಡು ಮತ್ತು ‘ಐ ವಾಸ್ ಬಾರ್ನ್ ಟು ಲವ್ ಯೂ’, ಇದೇ ‘ಮಿಸ್ಟರ್ ಬ್ಯಾಡ್ ಗೈ’ನಿಂದ ಎತ್ತಿದ್ದು. ದನಿ ಅದೇ. ಕೆಳಗಿನ ವಾದ್ಯವೆಲ್ಲ ತೆಗೆದು ಬ್ರಯನ್, ರೋಜರ್, ಜಾನ್ ಹೊಸದಾಗಿ ನುಡಿಸಿದರು. ಒಂದೇ ಗಾಯನ, ಎರಡು ದೇಹ. ಇದಕ್ಕಿಂತ ಒಳ್ಳೇ ಪ್ರಯೋಗ ಎಲ್ಲಿ ಸಿಗುತ್ತೆ?

ಹೆಡ್‌ಫೋನ್ ಹಾಕಿಕೊಂಡು ಒಂದರ ಹಿಂದೆ ಒಂದು ಕೇಳಿ. ‘ಮೇಡ್ ಇನ್ ಹೆವನ್’ ಹಾಡಿನಲ್ಲಿ ಬ್ಯಾಂಡ್ ಕಣ್ಣು ಮುಚ್ಚಿ ಗೆಲ್ಲುತ್ತೆ. 1985ರದ್ದರಲ್ಲಿ ಡ್ರಮ್ ಸದ್ದು ಆ ಕಾಲದ ಡಬ್ಬಿ ಸದ್ದು, ದನಿ ಅಷ್ಟೆತ್ತರಕ್ಕೆ ಹೋದಾಗ ಕೆಳಗೆ ಆಧಾರವೇ ಇಲ್ಲ. 1995ರದ್ದರಲ್ಲಿ ಅವನು ಏರಿದಷ್ಟೂ ಗಿಟಾರ್ ಹಿಂದೆಯೇ ಏರುತ್ತೆ. ಇಲ್ಲಿ ಹಳೇಕ್ಯಾಸೆಟ್ ಮಾತು ಸರಿ.

‘ಐ ವಾಸ್ ಬಾರ್ನ್ ಟು ಲವ್ ಯೂ’ಗೆ ಬನ್ನಿ. 1985ರದ್ದು ಶುದ್ಧ ಕುಣಿತ. ಸಿಂಥ್ ಓಡ್ತಾ ಇರುತ್ತೆ, ಫ್ರೆಡ್ಡಿ ಅದರ ಮೇಲೆ ಜಾರಿಕೊಂಡು ಹೋಗ್ತಾನೆ, ಪದದ ಮೊದಲಕ್ಷರ ಸರಿಯಾಗಿ ಏಟಿನ ಮೇಲೆ ಬೀಳುತ್ತೆ. ಯಂತ್ರದ ಜೊತೆ ಹಾಡೋದು ಗೊತ್ತಿದ್ದವನ ಗಾಯನ ಅದು. 1995ರಲ್ಲಿ ಅದರ ಕೆಳಗೆ ಭಾರದ ಗಿಟಾರ್ ತಂದರು. ಕ್ರೀಡಾಂಗಣಕ್ಕೆ ಸೊಗಸು, ಆದರೆ ಕಾಲು ಕುಣಿಯೋದು ನಿಂತಿತು. ಅಲ್ಲಿ ಇಸಾರ್ ಗೆದ್ದರು.

ಒಂದೊಂದು ಸಮ. ಇದನ್ನ ‘ಬ್ಯಾಂಡ್ ಬೇಕಿತ್ತು, ಬೇಡವಾಗಿತ್ತು’ ಅಂತ ಒಟ್ಟಿಗೆ ತೀರ್ಮಾನ ಮಾಡೋಕಾಗಲ್ಲ, ಹಾಡು ಹಾಡಿಗೂ ಬೇರೆ.


ಹಳೇಕ್ಯಾಸೆಟ್

@ಫೇಡರ್ ಎರಡನೇದಕ್ಕೆ ನನ್ನ ಕಿವಿ ಬೇರೆ ಹೇಳುತ್ತೆ, ಇರಲಿ. ಆದರೆ ನೀವು ಹೇಳಿದ್ದರಿಂದಲೇ ನನ್ನ ಮಾತು ಇನ್ನೂ ಗಟ್ಟಿಯಾಯ್ತು. ಆಲ್ಬಂ ಪೂರ್ತಿ ಮ್ಯೂನಿಕ್ ಕುಣಿತದ್ದೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೇಳ್ತಿದ್ದೆ. ಅದೊಂದು ಲೋಕ, ಅದಕ್ಕೊಂದು ನಿಯಮ. ಅವನು ಅಲ್ಲಿಗೇ ನಿಲ್ಲಲಿಲ್ಲವಲ್ಲ. ‘ಮೈ ಲವ್ ಈಸ್ ಡೇಂಜರಸ್’ ನೋಡಿ. ಅರ್ಧ ಹಾಡು ರೆಗ್ಗೆ ಲಯ, ಆಮೇಲೆ ಇದ್ದಕ್ಕಿದ್ದ ಹಾಗೆ ವೇಗ ಏರಿ ಗುಡುಗೋ ರಾಕ್. ರೆಗ್ಗೆಗೂ ರಾಕಿಗೂ ನಡುವೆ ಸೇತುವೆ ಕಟ್ಟೋ ಕೆಲಸ ಯಾರೂ ಮಾಡಿಲ್ಲ. ‘ಬೊಹೀಮಿಯನ್ ರಾಪ್ಸಡಿ’ಯಲ್ಲಿ ನಿಧಾನದ ಪಿಯಾನೋ ಭಾಗದಿಂದ ಆಪೆರಾಕ್ಕೆ ಹೋಗೋವಾಗ ಗಿಟಾರ್ ಸೋಲೋ ಹೇಗೆ ಕೈಹಿಡಿದು ದಾಟಿಸುತ್ತೆ ನೆನಪು ಮಾಡಿಕೊಳ್ಳಿ. ಇಲ್ಲಿ ಅಂಥ ಕೈ ಯಾವುದೂ ಇಲ್ಲ.


ಮಂದ್ರಸ್ಥಾಯಿ

ನಾನು ಪಾಶ್ಚಾತ್ಯ ಗಾಯನ ಕಲಿಸುವವಳು. ಗಂಡಸರೆಲ್ಲ ಸೇರಿ ಗಿಟಾರ್, ಡ್ರಮ್ಮು, ಸಿಂಥ್ ಅಂತ ಹೊಡೆದಾಡುತ್ತಿದ್ದೀರಿ, ಹಾಡುತ್ತಿರುವವನ ಕಡೆ ನೋಡಿದವರು ಕಡಿಮೆ. ಈ ಆಲ್ಬಮ್ಮಿನ ಅಂಟು ಅವನ ಗಂಟಲು.

‘ಯುವರ್ ಕೈಂಡ್ ಆಫ್ ಲವರ್’ ಶುರುವಾಗುವುದು ನಿಧಾನ, ಪಿಯಾನೋ ಜೊತೆ ಮೆದುವಾಗಿ. ವೇಗ ಏರಿದ ಕೂಡಲೇ ಅದೇ ದನಿ ಎದೆಗೆ ಇಳಿದು ಒರಟಾಗುತ್ತದೆ. ಶೀರ್ಷಿಕೆ ಹಾಡಿನಲ್ಲಿ ಆರ್ಕೆಸ್ಟ್ರಾದ ಎದುರು ನಾಟಕದ ಖಳನ ಹಾಗೆ ಪದಗಳನ್ನು ಕಚ್ಚಿ ಬಿಡುತ್ತಾನೆ. ‘ದೇರ್ ಮಸ್ಟ್ ಬಿ ಮೋರ್ ಟು ಲೈಫ್ ದ್ಯಾನ್ ದಿಸ್’ನಲ್ಲಿ ಅಲಂಕಾರವೇ ಇಲ್ಲ, ಉಸಿರು ಕೇಳಿಸುವಷ್ಟು ಹತ್ತಿರ. ‘ಲಿವಿಂಗ್ ಆನ್ ಮೈ ಓನ್’ ನಡುವೆ ಪದ ಬಿಟ್ಟು ಬರೀ ಉಲಿಗೆ ಹೋಗುತ್ತಾನಲ್ಲ, ಅದನ್ನು ನನ್ನ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಕೇಳಿಸುತ್ತೇನೆ. ಒಂದೊಂದು ಉಲಿಯೂ ಡ್ರಮ್ಮಿನ ಪೆಟ್ಟಿನ ಹಾಗೆ ಕತ್ತರಿಸಿ ನಿಂತಿದೆ, ಆದರೂ ಸ್ವರ ಒಂದೆಳೆ ಜಾರಿಲ್ಲ. ಬಾಯಿ, ನಾಲಿಗೆ, ಉಸಿರು ಮೂರೂ ಒಟ್ಟಿಗೆ ಹಿಡಿತದಲ್ಲಿ ಇದ್ದರೆ ಮಾತ್ರ ಆಗುವ ಕೆಲಸ. ಕ್ವೀನ್ ಹಾಡುಗಳಲ್ಲಿ ಅವನ ದನಿಯ ಮೇಲೆ ಅವನದೇ, ಬ್ರಯನ್‌ನದೇ, ರೋಜರ್‌ನದೇ ದನಿಗಳ ಪದರ ಇರುತ್ತದೆ. ಇಲ್ಲಿ ಆ ಗುಂಪು ತೆಳುವಾಗಿದೆ, ಒಬ್ಬ ಗಾಯಕ ಏನೇನು ಮಾಡಬಲ್ಲ ಎನ್ನುವುದು ಬಿಡಿಯಾಗಿ ಕೇಳುತ್ತದೆ. ಅದಕ್ಕಾಗಿಯೇ ನನಗೆ ಈ ಆಲ್ಬಂ ಬೇಕು.


ಸುಮ್ನೆ_ಓದೋನು

ಮೇಡಂ, ಆ ಗಂಟಲಿಗೆ ನಮ್ಮ ದೇಶದ ನೀರೂ ಸೇರಿದೆ ಅಲ್ವಾ? ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಈ ಮಿಶ್ರಣದಲ್ಲಿ ಹಿಂದೂಸ್ತಾನಿ ಎಲ್ಲೋ ಇರಲೇಬೇಕು.


ಮಂದ್ರಸ್ಥಾಯಿ

ಇರಲೇಬೇಕು ಎಂದು ಹಟ ಹಿಡಿದರೆ ಟೆಲಿಫೋನ್ ಗಂಟೆಯಲ್ಲೂ ಭೈರವಿ ಕೇಳುತ್ತದೆ. ಫಾರೂಖ್ ಬುಲ್ಸಾರಾ (ಫ್ರೆಡ್ಡಿಯ ಹುಟ್ಟು ಹೆಸರು) ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ, ಎಂಟರ ವಯಸ್ಸಿಗೆ ಪಂಚಗನಿಯ ಸೇಂಟ್ ಪೀಟರ್ಸ್‌ಗೆ ಬಂದ. ಅಲ್ಲಿ ಕಲಿತದ್ದು ಪಾಶ್ಚಾತ್ಯ ಪಿಯಾನೋ. ಗೆಳೆಯರ ಜೊತೆ ಕಟ್ಟಿದ ‘ದಿ ಹೆಕ್ಟಿಕ್ಸ್’ ನುಡಿಸುತ್ತಿದ್ದದ್ದು ಆಗಿನ ರಾಕ್ ಅಂಡ್ ರೋಲ್. ಇಲ್ಲಿಂದ ಅವನಿಗೆ ಸಿಕ್ಕಿದ್ದು ಪಿಯಾನೋ ಮತ್ತು ವೇದಿಕೆ. ಅದೇನು ಸಣ್ಣದಲ್ಲ, ಅದಕ್ಕೆ ರಾಗ ಬೇರೆ ಅಂಟಿಸಬೇಕಿಲ್ಲ.

ಮುಂದಾಳು ಹೊರಗೆ ಬಂದು ಮಾಡಿದ ಕೆಲಸದಲ್ಲಿ ನಮ್ಮ ಸಂಗೀತ ನಿಜಕ್ಕೂ ಕೇಳಬೇಕಾದರೆ ‘ಜೆನೆಸಿಸ್’ ಬ್ಯಾಂಡ್ ಬಿಟ್ಟು ಬಂದ ಪೀಟರ್ ಗೇಬ್ರಿಯಲ್‌ನ 1989ರ ‘ಪ್ಯಾಶನ್’ ಹಾಕಿ. ಎಲ್. ಶಂಕರ್ ಅವರ ಜೋಡಿ ಪಿಟೀಲು ಅದರಲ್ಲಿದೆ. ಕರ್ನಾಟಕ ಸಂಗೀತದಲ್ಲಿ ಬೆಳೆದ ಕೈ ಅದು, ಅಲಂಕಾರಕ್ಕೆ ಕರೆತಂದದ್ದಲ್ಲ.


ಇಸಾರ್_ದಂಡೆ

ಭೈರವಿ ಮಾತಿಗೆ ಇಲ್ಲಿ ಟ್ರಾಮಿನಲ್ಲಿ ಕೂತು ಒಬ್ಬನೇ ನಕ್ಕೆ.

ಮೇಡಂ ಹೇಳಿದ ‘ದೇರ್ ಮಸ್ಟ್ ಬಿ ಮೋರ್’ಗೆ ಒಂದು ಕಥೆ ಇದೆ. 1983ರಲ್ಲಿ ಮೈಕಲ್ ಜಾಕ್ಸನ್ ಮನೆಯ ಸ್ಟುಡಿಯೋದಲ್ಲಿ ಇಬ್ಬರೂ ಸೇರಿ ಮೂರು ಹಾಡಿನ ಕಚ್ಚಾ ಪ್ರತಿ ಮಾಡಿದ್ದರು, ಅದರಲ್ಲಿ ಇದೊಂದು. ಯಾವುದೂ ಮುಗೀಲಿಲ್ಲ. ‘ಸ್ಟೇಟ್ ಆಫ್ ಶಾಕ್’ ಅನ್ನ ಆಮೇಲೆ ಜಾಕ್ಸನ್ ಮಿಕ್ ಜಾಗರ್ ಜೊತೆ ಹಾಡಿದ. ಇದನ್ನ ಫ್ರೆಡ್ಡಿ ತಾನೊಬ್ಬನೇ ಹಾಡಿ ಸೋಲೋಗೆ ಹಾಕಿಕೊಂಡ. ಇಬ್ಬರ ದನಿಯೂ ಇರೋ ಪ್ರತಿ ಹೊರಗೆ ಬಂದದ್ದು 2014ರಲ್ಲಿ, ‘ಕ್ವೀನ್ ಫಾರೆವರ್’ ಸಂಗ್ರಹದಲ್ಲಿ.


ಧಾರವಾಡದಾಂವ

ಹಂಗಾರ ಎದುರು ಮಾತಾಡೋ ಜೋಡಿ ಅವನಿಗೆ ಬೇಕ ಬೇಕಾಗಿತ್ತು ಅಂತಾತು. ಜಾಕ್ಸನ್ ಸಿಗಲಿಲ್ಲ. ಮುಂದ ಕಬಾಯೆ ಸಿಕ್ಕಳು. ‘ಬಾರ್ಸಿಲೋನಾ’ ಬಗ್ಗೆ ಯಾರೂ ಬಾಯಿ ಬಿಡವಲ್ರಿ!


ಮಂದ್ರಸ್ಥಾಯಿ

ಅಲ್ಲಿಗೇ ಬರುತ್ತಿದ್ದೆ. ಮೊಂಟ್ಸೆರಾಟ್ ಕಬಾಯೆ, ಸ್ಪೇನಿನ ಆಪೆರಾ ಗಾಯಕಿ. 1987ರ ಮಾರ್ಚ್‌ನಲ್ಲಿ ಬಾರ್ಸಿಲೋನಾದ ರಿಟ್ಜ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ಫ್ರೆಡ್ಡಿ ಪದವಿಲ್ಲದ ಒಂದು ಆಲಾಪದಂಥ ಹಾಡು ಮಾಡಿದ್ದ, ‘ಎಕ್ಸರ್ಸೈಸಸ್ ಇನ್ ಫ್ರೀ ಲವ್’ ಎಂದು. ಅವಳದನ್ನು ಲಂಡನ್ನಿನ ರಾಯಲ್ ಆಪೆರಾ ಹೌಸಿನಲ್ಲಿ, ಮೈಕ್ ಮೊರಾನ್ ಪಿಯಾನೋ ಜೊತೆ ಹಾಡಿಯೇಬಿಟ್ಟಳು. ಅಲ್ಲಿಂದ ಒಂದು ಪೂರ್ತಿ ಆಲ್ಬಂ, 1988ರ ಅಕ್ಟೋಬರ್‌ನಲ್ಲಿ. ಅವಳ ಭಾಗವನ್ನು ಅವಳಿಗೆ ಕಳಿಸಲು ಕಚ್ಚಾ ಪ್ರತಿಯಲ್ಲಿ ಫ್ರೆಡ್ಡಿಯೇ ಕಳ್ಳದನಿಯಲ್ಲಿ ಹಾಡುತ್ತಿದ್ದ. ಸೊಪ್ರಾನೋ (ಎತ್ತರದ ಸ್ಥಾಯಿಯ ಗಾಯಕಿ) ಏನು ಮಾಡುತ್ತಾಳೆ ಎಂದು ಒಳಗಿನಿಂದ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮಿಶ್ರಣ ಅಲ್ಲಿ ಇನ್ನೂ ಜಾಸ್ತಿ. ‘ಲಾ ಜಪೊನೇಸ್’ನಲ್ಲಿ ಜಪಾನಿ ಭಾಷೆಯ ಸಾಲು, ‘ದಿ ಗೋಲ್ಡನ್ ಬಾಯ್’ನಲ್ಲಿ ಗಾಸ್ಪೆಲ್ ಗುಂಪು, ‘ಹೌ ಕ್ಯಾನ್ ಐ ಗೋ ಆನ್’ನಲ್ಲಿ ಸರಳ ಪಾಪ್. ಆದರೂ ಕಲಸಿದಂತೆ ಅನಿಸುವುದಿಲ್ಲ, ಯಾಕೆಂದರೆ ಪ್ರತಿ ಹಾಡಿನಲ್ಲೂ ಒಂದೇ ಕೆಲಸ ನಡೆಯುತ್ತಿದೆ: ಒಂದು ದನಿ ಮೈಕ್ ಇಲ್ಲದೆ ಸಭಾಂಗಣ ತುಂಬಲು ತಯಾರಾದದ್ದು, ಇನ್ನೊಂದು ಮೈಕಿನ ಮುಂದೆ ಬೆಳೆದದ್ದು. ಅವು ಒಂದನ್ನೊಂದು ನೋಡಿಕೊಂಡು ಜಾಗ ಬಿಡುತ್ತವೆ, ಜಾಗ ಕಸಿಯುತ್ತವೆ. ಹಳೇಕ್ಯಾಸೆಟ್ ಕೇಳುತ್ತಿದ್ದ ‘ದಾಟಿಸುವ ಕೈ’ ಅದೇ.


ಫೇಡರ್

‘ಬಾರ್ಸಿಲೋನಾ’ದ ಸದ್ದಿನ ಬಗ್ಗೆ ಒಂದು ಗೊಣಗಾಟ. 1988ರ ಪ್ರತಿಯಲ್ಲಿ ಆರ್ಕೆಸ್ಟ್ರಾ ಅನಿಸೋದು ಬಹುಪಾಲು ಕೀಬೋರ್ಡು. ಕಬಾಯೆ ದನಿಯ ಪಕ್ಕ ಅದು ಬಣ್ಣದ ಕಾಗದದ ಹೂವಿನ ಥರ ಕಾಣುತ್ತೆ. 2012ರಲ್ಲಿ ಪ್ರಾಗ್‌ನ ಒಂದು ದೊಡ್ಡ ಆರ್ಕೆಸ್ಟ್ರಾದಿಂದ ಅಷ್ಟನ್ನೂ ಹೊಸದಾಗಿ ನುಡಿಸಿ ಕೂಡಿಸಿದರು. ದನಿಗಳು ಹಳೇವೇ. ನಾನು ಆ ಪ್ರತಿಯ ಕಡೆ. ಶುದ್ಧಾಚಾರದವರು ಬೈಯಬಹುದು.

‘ಮಿಸ್ಟರ್ ಬ್ಯಾಡ್ ಗೈ’ಗೂ 2019ರಲ್ಲಿ ಹೊಸ ಮಿಕ್ಸ್ ಬಂತು, ‘ನೆವರ್ ಬೋರಿಂಗ್’ ಪೆಟ್ಟಿಗೆಯಲ್ಲಿ. ಮೂಲ ಟೇಪಿಗೆ ಹೋಗಿ ಮತ್ತೆ ಮಿಕ್ಸ್ ಮಾಡಿದ್ದು. ದನಿ ಮುಂದಕ್ಕೆ ಬಂದಿದೆ, ಕೆಳಗಿನ ಸದ್ದಿಗೆ ಮೈ ಬಂದಿದೆ. ‘ಆಧಾರ ಇಲ್ಲ’ ಅಂತ ನಾನೇ ಮೇಲೆ ಹೇಳಿದ್ದು ಆ ಮಿಕ್ಸಿನಲ್ಲಿ ಅರ್ಧಕ್ಕರ್ಧ ಕಡಿಮೆಯಾಗಿದೆ.


ತಂತಿ_ಮೀಟು

ಅಂದರೆ ಎಲ್ಲ ಸುತ್ತಿ ಬಂದು ಸಿಕ್ಕಿದ್ದು ಏನಪ್ಪಾ: ಜೊತೆಗೆ ತನ್ನ ಸಮಕ್ಕೆ ನಿಲ್ಲೋರು ಇದ್ದಾಗ ಫ್ರೆಡ್ಡಿ ಯಾವ ಶೈಲಿಯನ್ನಾದರೂ ಹೊಂದಿಸ್ತಾನೆ, ಬ್ಯಾಂಡೇ ಆಗಬೇಕು ಅಂತಿಲ್ಲ. ಇದು ನನಗೆ ಒಪ್ಪಿಗೆ. ಅವನಿಗೂ ಇದು ಗೊತ್ತಿತ್ತು ಅನ್ಸುತ್ತೆ. ಸೋಲೋ ಬಂದು ಮೂರು ತಿಂಗಳೂ ತುಂಬಿರಲಿಲ್ಲ, 1985ರ ಜುಲೈ 13ಕ್ಕೆ ಬರಪೀಡಿತರ ನೆರವಿಗೆ ನಡೆದ ಲೈವ್ ಏಡ್ ಕಛೇರಿ. ಇಡೀ ಜಗತ್ತು ನೋಡ್ತಿತ್ತು, ತನ್ನ ಹೊಸ ಆಲ್ಬಮ್ಮಿನ ಒಂದು ಹಾಡೂ ತುರುಕಲಿಲ್ಲ. ಸೋಲೋ ಪ್ರವಾಸ ಅಂತ ಒಂದೂ ಮಾಡಲಿಲ್ಲ. 1989ರ ‘ದಿ ಮಿರಾಕಲ್’ ಹೊತ್ತಿಗೆ ಯಾರು ಬರೆದರೂ ಹಾಡು ನಾಲ್ವರ ಹೆಸರಲ್ಲಿ ಅಂತ ಒಪ್ಪಂದ ಮಾಡಿಕೊಂಡರು.


ಇಸಾರ್_ದಂಡೆ

ನನ್ನದು ಈಗಲೂ ತಕರಾರೇ. 1993ರಲ್ಲಿ ಬೆಲ್ಜಿಯಂನ ‘ನೋ ಮೋರ್ ಬ್ರದರ್ಸ್’ ತಂಡ ‘ಲಿವಿಂಗ್ ಆನ್ ಮೈ ಓನ್’ ಅನ್ನ ರೀಮಿಕ್ಸ್ ಮಾಡಿ ಇನ್ನೂ ಜಾಸ್ತಿ ಕ್ಲಬ್ ಕಡೆಗೆ ಎಳೆದರು. ಬ್ರಿಟನ್ನಿನಲ್ಲಿ ನಂಬರ್ ಒನ್. ಗಿಟಾರ್ ಸೇರಿಸಿ ಅಲ್ಲ, ಯಂತ್ರ ಇನ್ನೂ ಹೆಚ್ಚಿಸಿ! 1985ರಲ್ಲಿ ಅವನು ಎಡವಲಿಲ್ಲ, ಕೇಳೋ ಕಿವಿ ಎಂಟು ವರ್ಷ ತಡವಾಗಿ ಬಂತು.


ಹಳೇಕ್ಯಾಸೆಟ್

@ಇಸಾರ್_ದಂಡೆ ಆ ರೀಮಿಕ್ಸ್ ಗೆದ್ದದ್ದಕ್ಕೂ ನನ್ನದೇ ಕಾರಣ ಕೊಡ್ತೀನಿ. ಅಲ್ಲಿ ಯಾರೋ ಬಂದು ಧೈರ್ಯವಾಗಿ ತಲೆಹಾಕಿದರು.


ಸುಮ್ನೆ_ಓದೋನು

ಇಷ್ಟೆಲ್ಲ ಓದಿದೆ, ಕ್ವೀನ್ ಹಿಟ್ ಹಾಡು ಬಿಟ್ಟರೆ ಏನೂ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?


ಫೇಡರ್

2019ರ ಮಿಕ್ಸಿನಲ್ಲಿ ‘ಮೇಡ್ ಇನ್ ಹೆವನ್’, ಅದರ ಹಿಂದೆಯೇ 1995ರ ಕ್ವೀನ್ ಪ್ರತಿ. ಆಮೇಲೆ ‘ಲಿವಿಂಗ್ ಆನ್ ಮೈ ಓನ್’ 1985ರದ್ದು. ಕೊನೆಗೆ 2012ರ ‘ಬಾರ್ಸಿಲೋನಾ’. ಅಷ್ಟು ಕೇಳಿ ಬಂದು ಹೇಳಿ, ಯಾರ ಪಕ್ಷ ಅಂತ.


ಮಂದ್ರಸ್ಥಾಯಿ

‘ಬಾರ್ಸಿಲೋನಾ’ ಮೊದಲು ಕೇಳಿ. 1988ರದ್ದೇ ಕೇಳಿ, ಕೀಬೋರ್ಡ್ ಆದರೂ ಪರವಾಗಿಲ್ಲ. ಅವರಿಬ್ಬರೂ ಕೇಳಿಸಿಕೊಂಡು ಹಾಡಿದ್ದು ಅದನ್ನೇ.


ಕುಡ್ಲದ_ಕಿವಿ

ಯಾರ ಮಾತೂ ಕೇಳಬೇಡಿ ಮಾರಾಯ್ರೆ. ‘ಹಾಟ್ ಸ್ಪೇಸ್’ ಹಾಕಿ, ಸ್ವಲ್ಪ ಜೋರಾಗಿಯೇ ಹಾ‌ಕಿ.


ಇಸಾರ್_ದಂಡೆ

ಜೋರಾಗಿ ಅನ್ನೋದು ಮಾತ್ರ ಒಪ್ಪಿದೆ. ರೀಮಿಕ್ಸ್ ಕೇಳದೇ ಮಲಗಬೇಡಿ.